ಮಾತು ಬಾರದ ಮಗುವಿನ ಕಣ್ಣಿಗೆ ನಂಬರ್ ಬರೆದವರ ಕಥೆ

ಕನ್ನಡಕದ ಅಂಗಡಿಗೆ ಹೋದರೆ ಏನು ಮಾಡ್ತಾರೆ? ಎದುರಿನ ಗೋಡೆ ಮೇಲೆ ಅಕ್ಷರಗಳ ಪಟ್ಟಿ ಇರುತ್ತೆ. ಒಂದು ಕಣ್ಣು ಮುಚ್ಚಿ ಅಂತಾರೆ. ಕೊನೇ ಸಾಲು ಓದಿ ಅಂತಾರೆ. ಆಮೇಲೆ ಗಾಜು ಬದಲಾಯಿಸ್ತಾ, 'ಇದು ಚೆನ್ನಾಗಿದೆಯಾ, ಮೊದಲಿನದು ಚೆನ್ನಾಗಿತ್ತಾ' ಅಂತ ಹತ್ತು ಸಲ ಕೇಳ್ತಾರೆ. ನಾವು ಉತ್ತರ ಕೊಡ್ತೀವಿ, ಅವರು ನಂಬರ್ ಬರೀತಾರೆ. 1862ರಲ್ಲಿ ಹಾಲೆಂಡಿನ ಹರ್ಮನ್ ಸ್ನೆಲೆನ್ ಎಂಬ ವೈದ್ಯರು ಈ ಅಕ್ಷರದ ಪಟ್ಟಿ ಮಾಡಿದರು. ಇವತ್ತಿಗೂ ಜಗತ್ತು ಅದನ್ನೇ ಓದ್ತಾ ಇದೆ.

ಈಗ ನನ್ನ ಪ್ರಶ್ನೆ. ಅದೇ ಕುರ್ಚಿ ಮೇಲೆ ಆರು ತಿಂಗಳ ಮಗುವನ್ನು ಕೂರಿಸಿ. ಅಕ್ಷರ ಗೊತ್ತಿಲ್ಲ. ಮಾತು ಬರಲ್ಲ. ಎರಡು ಸೆಕೆಂಡು ಒಂದು ಕಡೆ ನೋಡಲ್ಲ. ಅದರ ಕಣ್ಣಿನ ನಂಬರ್ ಎಷ್ಟು ಅಂತ ಹೇಗ್ರೀ ಕಂಡುಹಿಡೀತೀರಿ?

'ಅಷ್ಟು ಸಣ್ಣ ಮಗುವಿಗೆ ನಂಬರ್ ಯಾಕೆ? ಶಾಲೆಗೆ ಸೇರಿದ ಮೇಲೆ ನೋಡಿದರಾಯ್ತು' ಅನ್ನಬಹುದು ನೀವು. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅಲ್ಲೇ ಇರೋದು ಅಪಾಯ. ನಮಗೆ ಕಣ್ಣು ಮಂಜಾದರೆ ನಾವು ದೂರು ಹೇಳ್ತೀವಿ, ಯಾಕಂದ್ರೆ ಮೊದಲು ಸ್ಪಷ್ಟವಾಗಿ ಕಂಡಿದ್ದು ನೆನಪಿದೆ. ಹುಟ್ಟಿದಾಗಿನಿಂದ ಮಂಜನ್ನೇ ನೋಡಿದ ಮಗುವಿಗೆ ಜಗತ್ತು ಇರೋದೇ ಹಾಗೆ. ಅದು ಯಾವತ್ತೂ ದೂರು ಹೇಳಲ್ಲ. ಇನ್ನು ಒಂದು ಕಣ್ಣು ಸರಿಯಿದ್ದು ಇನ್ನೊಂದು ಮಾತ್ರ ಮಂಜಾಗಿದ್ದರೆ ಕಥೆ ಮುಗೀತು. ಮಗು ಓಡಾಡುತ್ತೆ, ಆಟ ಆಡುತ್ತೆ, ಅಜ್ಜಿಯನ್ನು ಗುರುತು ಹಿಡಿಯುತ್ತೆ. ಮನೇಲಿ ಯಾರಿಗೂ ಅನುಮಾನ ಬರಲ್ಲ.

ಹಾಗಾದರೆ ಮಗುವನ್ನು ಕೇಳದೇ, ಮಗುವಿನ ಕಣ್ಣನ್ನೇ ಕೇಳೋದು ಹೇಗೆ? ಆ ದಾರಿ ಹುಡುಕೋಕೆ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಇವತ್ತು ಹೇಳ್ತಿರೋದು ಆ ಇತಿಹಾಸ.

ಮೊದಲು ಒಂದು ಲೆಕ್ಕ ತಿಳ್ಕೊಳ್ಳೋಣ. ಕಣ್ಣು ಅಂದ್ರೆ ಒಂದು ಕ್ಯಾಮೆರಾ. ಮುಂದೆ ಲೆನ್ಸ್, ಹಿಂದೆ ಪರದೆ. ಲೆನ್ಸಿನ ಶಕ್ತಿಗೂ ಕಣ್ಣಿನ ಉದ್ದಕ್ಕೂ ಹೊಂದಾಣಿಕೆ ಇರಬೇಕು. ಕಣ್ಣು ಉದ್ದವಾದರೆ ಬಿಂಬ ಪರದೆಗಿಂತ ಮುಂದೆ ಬೀಳುತ್ತೆ. ಅದು ಸಮೀಪದೃಷ್ಟಿ, ಮೈನಸ್ ನಂಬರ್. ಗಿಡ್ಡವಾದರೆ ಬಿಂಬ ಪರದೆಯ ಹಿಂದಕ್ಕೆ ಹೋಗುತ್ತೆ. ಅದು ದೂರದೃಷ್ಟಿ, ಪ್ಲಸ್ ನಂಬರ್. ಕಣ್ಣಿನ ಉಬ್ಬು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಇದ್ದರೆ ಅಸ್ಟಿಗ್ಮ್ಯಾಟಿಸಂ. ಈ ಮೂರನ್ನೂ ಸೇರಿಸಿ ವೈದ್ಯರು ವಕ್ರೀಭವನ ದೋಷ ಅಂತಾರೆ. ದೊಡ್ಡವರ ಕಣ್ಣಿನಲ್ಲಿ ಬರೀ ಒಂದು ಮಿಲಿಮೀಟರ್ ಉದ್ದ ಹೆಚ್ಚಾದರೆ ಸುಮಾರು ಎರಡೂವರೆ ಮೂರು ನಂಬರ್ ವ್ಯತ್ಯಾಸ. ಈಗ ಯೋಚನೆ ಮಾಡಿ. ಹುಟ್ಟಿದಾಗ ಮಗುವಿನ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಾಗುವಾಗ ಸುಮಾರು 24. ಏಳು ಮಿಲಿಮೀಟರ್ ಬೆಳೆಯಬೇಕು, ಬೆಳೆದೂ ಗುರಿ ತಪ್ಪಬಾರದು. ಇದು ಹೇಗೆ ಸಾಧ್ಯ? ಇದಕ್ಕೆ ಆಮೇಲೆ ಬರ್ತೀನಿ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬದುಕಿರೋ ಮನುಷ್ಯನ ಕಣ್ಣಿನೊಳಗೆ ಇಣುಕೋ ಉಪಕರಣವನ್ನು ಜಗತ್ತಿನ ಮುಂದಿಟ್ಟರು. ಅಲ್ಲಿವರೆಗೆ ಕಣ್ಣಿನ ಪಾಪೆ ಅಂದ್ರೆ ಕಪ್ಪು ತೂತು, ಅಷ್ಟೆ. ಬೆಳಕು ಬಿಟ್ಟು ನೋಡಿದರೆ ಒಳಗಿಂದ ಕೆಂಪು ಹೊಳಪು ವಾಪಸ್ ಬರುತ್ತೆ. ಫ್ಲ್ಯಾಶ್ ಹಾಕಿ ಫೋಟೋ ತೆಗೆದಾಗ ಕಣ್ಣು ಕೆಂಪಗೆ ಬರುತ್ತಲ್ಲ, ಅದೇ ಹೊಳಪು. ಮುಂದಿನ ಇಡೀ ಕಥೆ ನಿಂತಿರೋದು ಈ ಕೆಂಪು ಹೊಳಪಿನ ಮೇಲೆ.

1872ರಲ್ಲಿ ಫ್ರಾನ್ಸಿನ ಮೊನೊಯೇ ಎಂಬ ಕಣ್ಣಿನ ವೈದ್ಯರು ಲೆನ್ಸಿನ ಶಕ್ತಿ ಅಳೆಯೋಕೆ ಡಯಾಪ್ಟರ್ ಅನ್ನೋ ಅಳತೆ ಸೂಚಿಸಿದರು. ನಾವು ಆಡುಮಾತಿನಲ್ಲಿ 'ನಂಬರ್' ಅಂತೀವಲ್ಲ, ಅದು ಡಯಾಪ್ಟರ್. ಅದರ ಮರುವರ್ಷ, 1873ರಲ್ಲಿ, ಅದೇ ಫ್ರಾನ್ಸಿನ ಸೇನಾ ವೈದ್ಯ ಫರ್ಡಿನಾಂಡ್ ಕ್ವಿನ್ಯೇ ಒಂದು ವಿಚಿತ್ರ ಗಮನಿಸಿದರು. ಕನ್ನಡಿಯಿಂದ ರೋಗಿಯ ಕಣ್ಣಿಗೆ ಬೆಳಕು ಬಿಟ್ಟು, ಕನ್ನಡಿಯನ್ನು ಸ್ವಲ್ಪ ಅಲ್ಲಾಡಿಸಿದರೆ ಪಾಪೆಯೊಳಗಿನ ಹೊಳಪೂ ಓಡುತ್ತೆ. ಕೆಲವರ ಕಣ್ಣಲ್ಲಿ ಬೆಳಕು ಹೋದ ಕಡೆಗೇ ಓಡುತ್ತೆ. ಕೆಲವರಲ್ಲಿ ಉಲ್ಟಾ ಓಡುತ್ತೆ. ಯಾಕೆ ಹೀಗೆ? ಇದು ಕಣ್ಣಿನ ಮುಂಭಾಗದ ಕಾರ್ನಿಯಾದ ಆಟ ಅಂತ ಕ್ವಿನ್ಯೇ ಭಾವಿಸಿದರು. ಅದು ಹಿಂದಿನ ಪರದೆ, ರೆಟಿನಾದಿಂದ ಬರೋ ಹೊಳಪು ಅಂತ ಆಮೇಲಿನವರು ತೋರಿಸಿದರು. 1880ರ ಹೊತ್ತಿಗೆ ಪಾರಾಂ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯರು ಇದನ್ನು ಲೆಕ್ಕಕ್ಕೆ ಇಳಿಸಿದರು. ಆ ವಿಧಾನದ ಹೆಸರು ರೆಟಿನೋಸ್ಕೋಪಿ.

ಕೆಲಸ ಹೇಗೆ ಗೊತ್ತಾ? ವೈದ್ಯರು ಒಂದು ತೋಳಿನಷ್ಟು ದೂರದಲ್ಲಿ ಕೂತು ಬೆಳಕಿನ ಗೆರೆಯನ್ನು ಮಗುವಿನ ಪಾಪೆ ಮೇಲೆ ಆಡಿಸ್ತಾರೆ. ಹೊಳಪು ಯಾವ ಕಡೆ ಓಡುತ್ತೆ ನೋಡ್ತಾರೆ. ಕಣ್ಣಿನ ಮುಂದೆ ಒಂದೊಂದೇ ಲೆನ್ಸ್ ಹಿಡೀತಾರೆ. ಸರಿಯಾದ ಲೆನ್ಸ್ ಬಂದ ಕ್ಷಣ ಓಟ ನಿಂತುಹೋಗಿ ಇಡೀ ಪಾಪೆ ಒಮ್ಮೆಲೇ ಬೆಳಗುತ್ತೆ. ವೈದ್ಯರು ಕೂತ ದೂರದ ಲೆಕ್ಕ ಕಳೆದರೆ ಸಿಗೋದೇ ಮಗುವಿನ ನಂಬರ್. ಮಗು ಒಂದಕ್ಷರ ಓದಿಲ್ಲ. ಒಂದು ಮಾತಾಡಿಲ್ಲ. ಕಣ್ಣೇ ಉತ್ತರ ಕೊಟ್ಟಿದೆ. ನೂರೈವತ್ತು ವರ್ಷ ಆಯ್ತು. ಇವತ್ತಿಗೂ ಮಕ್ಕಳ ಕಣ್ಣಿನ ವೈದ್ಯರ ಜೇಬಿನಲ್ಲಿ ಇರೋದು ಇದೇ ಸಲಕರಣೆ.

ಆದರೆ ಒಂದು ತೊಡಕಿತ್ತು. ಮಗುವಿನ ಕಣ್ಣಿನ ಲೆನ್ಸ್ ಬಹಳ ಮೃದು. ಹತ್ತಿರ ನೋಡುವಾಗ ತಾನಾಗಿಯೇ ಉಬ್ಬುತ್ತೆ, ಪ್ಲಸ್ ನಂಬರನ್ನು ಮುಚ್ಚಿಡುತ್ತೆ. ಈಗ ಒಂದು ಅಳತೆ, ಎರಡು ಸೆಕೆಂಡಿಗೆ ಇನ್ನೊಂದು. ಯಾವುದನ್ನು ನಂಬೋದು? ಅದಕ್ಕೆ ಲೆನ್ಸಿನ ಸ್ನಾಯುವನ್ನು ಕೆಲಹೊತ್ತು ಮಲಗಿಸೋ ಔಷಧಿ ಬೇಕಾಯ್ತು. ಅಟ್ರೋಪಿನ್ ಅನ್ನೋ ಆ ಔಷಧಿ ಬಂದಿದ್ದು ಬೆಲ್ಲಡೋನಾ ಗಿಡದಿಂದ. ಬೆಲ್ಲಡೋನಾ ಅಂದ್ರೆ ಇಟಲಿಯ ಭಾಷೆಯಲ್ಲಿ ಸುಂದರಿ. ಪಾಪೆ ಅಗಲವಾಗಿ ಚೆಂದ ಕಾಣಲಿ ಅಂತ ಅಲ್ಲಿನ ಹೆಂಗಸರು ಕಣ್ಣಿಗೆ ಬಿಟ್ಟುಕೊಳ್ತಿದ್ದ ರಸ, ಕೊನೆಗೆ ಮಕ್ಕಳ ಕಣ್ಣಿನ ಸತ್ಯ ಹೊರಗೆ ತೆಗೀತು.

1951ರಲ್ಲಿ ಅಮೆರಿಕದ ಕುಕ್ ಮತ್ತು ಗ್ಲಾಸ್‌ಕಾಕ್ ಎಂಬಿಬ್ಬರು 500 ನವಜಾತ ಶಿಶುಗಳ 1000 ಕಣ್ಣುಗಳಿಗೆ ಅಟ್ರೋಪಿನ್ ಹಾಕಿ ಅಳೆದ ವರದಿ ಪ್ರಕಟಿಸಿದರು. ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರು ಕಣ್ಣು ಪ್ಲಸ್! ಉಳಿದವು ಮೈನಸ್. ಕೆಲವಕ್ಕೆ ದೊಡ್ಡ ದೊಡ್ಡ ನಂಬರ್. ಅಂದ್ರೆ ಎಲ್ಲ ಮಕ್ಕಳೂ ಕಣ್ಣಿನ ದೋಷ ಇಟ್ಟುಕೊಂಡೇ ಹುಟ್ತಾರಾ? ಎಲ್ಲರಿಗೂ ತೊಟ್ಟಿಲಲ್ಲೇ ಕನ್ನಡಕ ಹಾಕಬೇಕಾ?

ಇಲ್ಲ. ಯಾಕಂದ್ರೆ ಆ ಮಕ್ಕಳೇ ಬೆಳೆದು ಶಾಲೆಗೆ ಬರೋ ಹೊತ್ತಿಗೆ ಬಹುಪಾಲು ಸೊನ್ನೆಯ ಹತ್ತಿರ ಬಂದಿರ್ತಾರೆ. ಎಲ್ಲಿ ಹೋಯ್ತು ನಂಬರ್? ಯಾರು ತಿದ್ದಿದರು?

ಇದಕ್ಕೆ ಉತ್ತರ ಸಿಕ್ಕಿದ್ದು ಪ್ರಾಣಿಗಳಿಂದ. 1963ರಲ್ಲಿ ಹಾರ್ವರ್ಡ್‌ನ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸಲ್, ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಮೊದಲ ಕೆಲವು ತಿಂಗಳು ಹೊಲಿದು ಮುಚ್ಚಿದರೆ ಏನಾಗುತ್ತೆ ಅಂತ ತೋರಿಸಿದರು. ಆಮೇಲೆ ರೆಪ್ಪೆ ಬಿಚ್ಚಿದರೂ ಆ ಕಣ್ಣಿನಿಂದ ಬೆಕ್ಕಿಗೆ ಸರಿಯಾಗಿ ಕಾಣಲಿಲ್ಲ. ಕಣ್ಣು ಸರಿಯಾಗೇ ಇತ್ತು. ಮಿದುಳು ಆ ಕಣ್ಣಿನ ಮಾತು ಕೇಳೋದನ್ನು ಬಿಟ್ಟುಬಿಟ್ಟಿತ್ತು. ದೊಡ್ಡ ಬೆಕ್ಕಿಗೆ ಹಾಗೇ ಮಾಡಿದರೆ ಏನೂ ಆಗಲಿಲ್ಲ. ಅಂದ್ರೆ ಮಿದುಳು ನೋಡೋದನ್ನು ಕಲಿಯೋಕೆ ಒಂದು ವಯಸ್ಸಿದೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಾವು ಸೋಮಾರಿ ಕಣ್ಣು ಅಂತ ಕರೆಯೋ ಆಂಬ್ಲಿಯೋಪಿಯಾ ಹೇಗೆ ಹುಟ್ಟುತ್ತೆ ಅನ್ನೋದಕ್ಕೆ ಇದು ಬುನಾದಿ.

ಅದೇ ವೀಸಲ್ 1977ರಲ್ಲಿ ರವಿಯೋಲಾ ಜೊತೆ ಸೇರಿ ಇನ್ನೊಂದು ಬಾಂಬ್ ಹಾಕಿದರು. ಮರಿ ಕೋತಿಯ ರೆಪ್ಪೆ ಮುಚ್ಚಿದರೆ ಒಳಗಿನ ಕಣ್ಣು ಲಂಗುಲಗಾಮಿಲ್ಲದೆ ಉದ್ದವಾಗಿ ಬೆಳೆದು ಮೈನಸ್ ಆಗುತ್ತೆ! ಕಣ್ಣಿನ ಬೆಳವಣಿಗೆಯನ್ನು ಕಣ್ಣಿಗೆ ಬೀಳೋ ಚಿತ್ರವೇ ನಡೆಸುತ್ತೆ ಅಂತಾಯ್ತು. 1988ರಲ್ಲಿ ಶೇಫೆಲ್, ಗ್ಲಾಸರ್ ಮತ್ತು ಹೌಲ್ಯಾಂಡ್ ಕೋಳಿ ಮರಿಗಳಿಗೆ ಲೆನ್ಸ್ ಕಟ್ಟಿದರು. ಹೌದು, ಕೋಳಿಗೆ ಕನ್ನಡಕ. ಯಾವ ನಂಬರಿನ ಲೆನ್ಸ್ ಹಾಕಿದರೆ ಆ ನಂಬರಿಗೆ ತಕ್ಕ ಹಾಗೆ ಕಣ್ಣು ತನ್ನ ಬೆಳವಣಿಗೆಯನ್ನು ಹೊಂದಿಸಿಕೊಳ್ತು. ಬಡಗಿ ಅಳೆದು ಅಳೆದು ಮರ ಕೊಯ್ತಾನಲ್ಲ, ಹಾಗೆ. ಮಂಜನ್ನು ಅಳೆಯುತ್ತಾ ಅಳೆಯುತ್ತಾ ಕಣ್ಣು ಬೆಳೀತದೆ.

ಈಗ ಮಗುವಿನ ಹತ್ತಿರ ವಾಪಸ್ ಬನ್ನಿ. ನಂಬರ್ ನಿಂತ ನೀರಲ್ಲ, ಹರಿಯೋ ನೀರು ಅಂತ ಗೊತ್ತಾದ ಮೇಲೆ ಒಂದು ಸಲ ಅಳೆದರೆ ಸಾಲದು. ಅದೇ ಮಗುವನ್ನು ಮತ್ತೆ ಮತ್ತೆ ಅಳೆಯಬೇಕು. ಆದರೆ ಪ್ರತಿ ಸಲ ಔಷಧಿ ಹಾಕಿ ಅಳಿಸೋಕೆ ಯಾವ ತಾಯಿ ಒಪ್ತಾಳೆ?

ಎರಡು ಕಡೆಯಿಂದ ಎರಡು ದಾರಿ ತೆರೆದವು. 1974ರಲ್ಲಿ ಅಮೆರಿಕದ ಬ್ರ್ಯಾಡ್‌ಫರ್ಡ್ ಹೌಲ್ಯಾಂಡ್ ಮತ್ತು ಹೊವರ್ಡ್ ಹೌಲ್ಯಾಂಡ್ ಫೋಟೋರಿಫ್ರ್ಯಾಕ್ಷನ್ ಎಂಬ ವಿಧಾನ ಕೊಟ್ಟರು. ದೂರದಿಂದ ಒಂದು ಫ್ಲ್ಯಾಶ್, ಒಂದು ಫೋಟೋ. ಎರಡೂ ಕಣ್ಣಿನಿಂದ ವಾಪಸ್ ಬಂದ ಬೆಳಕು ಹೇಗೆ ಹರಡಿದೆ ಅಂತ ನೋಡಿ ನಂಬರ್ ಲೆಕ್ಕ ಹಾಕೋದು. ಕೋಳಿಗೆ ಕನ್ನಡಕ ಕಟ್ಟಿದ ತಂಡದಲ್ಲಿ ಇದ್ದದ್ದೂ ಇದೇ ಹೊವರ್ಡ್ ಹೌಲ್ಯಾಂಡ್. ಇನ್ನೊಂದು ದಾರಿ 1977ರದ್ದು, ಇಂದ್ರಾ ಮೊಹಿಂದ್ರಾ ಅವರದ್ದು. ಕತ್ತಲೆ ಕೋಣೆ. ಮಗುವಿನ ಒಂದು ಕಣ್ಣು ಮುಚ್ಚಿ, ಅರ್ಧ ಮೀಟರ್ ದೂರದಿಂದ ರೆಟಿನೋಸ್ಕೋಪಿನ ಮಂದ ಬೆಳಕು ಬಿಡೋದು. ಇಡೀ ಕೋಣೇಲಿ ಕಾಣೋದು ಅದೊಂದೇ, ಹಾಗಾಗಿ ಮಗು ಅದನ್ನೇ ನೋಡುತ್ತೆ. ಬಂದ ಅಳತೆಯಲ್ಲಿ 1.25 ಕಳೆದರೆ ನಂಬರ್. ಔಷಧಿ ಬೇಡ, ಅಳು ಬೇಡ.

1978ರಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಒಂದರ ಹಿಂದೆ ಒಂದು, ಎರಡು ಲೇಖನ ಬಂದವು. ಒಂದು ಮೊಹಿಂದ್ರಾ ತಂಡದ್ದು. ಇನ್ನೊಂದು ಹೌಲ್ಯಾಂಡ್ ಜೊತೆ ಜ್ಯಾನೆಟ್ ಅಟ್ಕಿನ್ಸನ್ ಮತ್ತು ಆಲಿವರ್ ಬ್ರ್ಯಾಡಿಕ್ ಇದ್ದ ತಂಡದ್ದು. ಒಬ್ಬರು ಕತ್ತಲಲ್ಲಿ ಅಳೆದಿದ್ದರು, ಇನ್ನೊಬ್ಬರು ಕ್ಯಾಮೆರಾದಲ್ಲಿ. ಹೇಳಿದ್ದು ಒಂದೇ ಮಾತು. ಎಳೆ ಮಕ್ಕಳಲ್ಲಿ ಅಸ್ಟಿಗ್ಮ್ಯಾಟಿಸಂ ದೊಡ್ಡವರಿಗಿಂತ ಬಹಳ ಹೆಚ್ಚು. ಅದರಲ್ಲಿ ಬಹುಪಾಲು ಬೆಳೀತಾ ಬೆಳೀತಾ ಕರಗಿಹೋಗುತ್ತೆ ಅಂತಲೂ ಮುಂದಿನ ಅಳತೆಗಳಿಂದ ಗೊತ್ತಾಯ್ತು. ಎರಡು ಬೇರೆ ಬೇರೆ ತಕ್ಕಡಿ ಒಂದೇ ತೂಕ ತೋರಿಸಿದರೆ ನಂಬಲೇಬೇಕಲ್ಲ!

ಪ್ಲಸ್ ನಂಬರಿನದೂ ಇದೇ ಕಥೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಅಧ್ಯಯನವೊಂದು ಪ್ರಕಟವಾಯ್ತು. 222 ಶಿಶುಗಳನ್ನು ಮೂರನೇ ತಿಂಗಳಲ್ಲಿ ಒಮ್ಮೆ, ಒಂಬತ್ತನೇ ತಿಂಗಳಲ್ಲಿ ಇನ್ನೊಮ್ಮೆ ಅಳೆದಿದ್ದರು. ಸರಾಸರಿ ಪ್ಲಸ್ 2.16 ಇದ್ದದ್ದು ಆರೇ ತಿಂಗಳಲ್ಲಿ ಪ್ಲಸ್ 1.36ಕ್ಕೆ ಇಳಿದಿತ್ತು. ಆ ಆರು ತಿಂಗಳಲ್ಲಿ ಕಣ್ಣು ಬೆಳೆದದ್ದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ದೊಡ್ಡ ನಂಬರಿನ ಮಕ್ಕಳಲ್ಲಿ ಇಳಿತವೂ ದೊಡ್ಡದು. ಮೊದಲ ವರ್ಷ ಅನ್ನೋದು ಕಣ್ಣು ತನ್ನನ್ನು ತಾನೇ ತಿದ್ದಿಕೊಳ್ಳೋ ವರ್ಷ.

ಹಾಗಾದರೆ ಚಿಂತೆ ಯಾಕೆ, ಪ್ರಕೃತಿಯೇ ನೋಡ್ಕೊಳ್ಳುತ್ತಲ್ಲ? ಎಲ್ಲರಿಗೂ ನೋಡ್ಕೊಳ್ಳಲ್ಲ ಸ್ವಾಮಿ! ಕೆಲವು ಮಕ್ಕಳ ನಂಬರ್ ಇಳಿಯೋದೇ ಇಲ್ಲ. ಮೂರನೇ ತಿಂಗಳಲ್ಲಿ ಇದ್ದಲ್ಲೇ ಹನ್ನೆರಡನೇ ತಿಂಗಳಲ್ಲೂ ನಿಂತಿರುತ್ತೆ. ಕೆಲವರಲ್ಲಿ ಒಂದು ಕಣ್ಣು ಇಳಿಯುತ್ತೆ, ಇನ್ನೊಂದು ಹಿಂದೆ ಬೀಳುತ್ತೆ. ಒಂದೇ ಸಲ ಅಳೆದರೆ ಇವರೂ ಉಳಿದವರ ಗುಂಪಿನಲ್ಲೇ ಕಾಣ್ತಾರೆ. ಎರಡನೇ ಸಲ ಅಳೆದಾಗ ಮಾತ್ರ ಬೇರೆಯಾಗಿ ನಿಲ್ತಾರೆ. ನೂರು ವರ್ಷದ ಈ ಹುಡುಕಾಟದ ಸಾರ ಇಷ್ಟೇ. ಒಂದು ನಂಬರ್ ಪೂರ್ತಿ ಕಥೆ ಹೇಳಲ್ಲ, ನಂಬರುಗಳ ಗೆರೆ ಹೇಳುತ್ತೆ.

ಆ ಗೆರೆ ಕೆಳಗಿಳಿಯದ ಮಕ್ಕಳಿಗೆ ಏನಾಗುತ್ತೆ? ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಅಟ್ಕಿನ್ಸನ್ ಮತ್ತು ಬ್ರ್ಯಾಡಿಕ್ ತಂಡ ಊರಿನ ಶಿಶುಗಳನ್ನು ಕ್ಯಾಮೆರಾದಿಂದ ಪರೀಕ್ಷಿಸಿ ವರ್ಷಗಟ್ಟಲೆ ಬೆನ್ನುಹತ್ತಿತು. 1996ರಲ್ಲಿ ಫಲಿತಾಂಶ ಬಂತು. ಶೈಶವದಲ್ಲಿ ದೊಡ್ಡ ಪ್ಲಸ್ ನಂಬರ್ ಇದ್ದ ಮಕ್ಕಳಿಗೆ, ನಾಲ್ಕು ವರ್ಷದ ಹೊತ್ತಿಗೆ ಮೆಳ್ಳೆಗಣ್ಣು ಬರೋ ಸಂಭವ ಉಳಿದ ಮಕ್ಕಳಿಗಿಂತ 13 ಪಟ್ಟು! ದೃಷ್ಟಿ ಕುಗ್ಗೋ ಸಂಭವ 6 ಪಟ್ಟು. ಅಂಥ ಮಕ್ಕಳಿಗೆ ಸಣ್ಣ ವಯಸ್ಸಿನಲ್ಲೇ ಕನ್ನಡಕ ಹಾಕಿದಾಗ 13 ಇದ್ದದ್ದು 4ಕ್ಕೆ, 6 ಇದ್ದದ್ದು ಎರಡೂವರೆಗೆ ಇಳಿಯಿತು. ಅವರು ಕೊಟ್ಟಿದ್ದು ಪೂರ್ತಿ ನಂಬರಿನ ಕನ್ನಡಕ ಅಲ್ಲ, ಸ್ವಲ್ಪ ಕಡಿಮೆ ನಂಬರಿನದು. ಯಾಕೆ? ಕೋಳಿ ಮರಿ ನೆನಪಿಸಿಕೊಳ್ಳಿ. ಮಂಜು ಪೂರ್ತಿ ತೆಗೆದರೆ ಕಣ್ಣಿಗೆ ಬೆಳೆಯೋಕೆ ದಾರಿ ತೋರಿಸೋರು ಯಾರು? ಸ್ವಲ್ಪ ಮಂಜು ಉಳಿಸಿದರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅದೇ ಇಂಗ್ಲೆಂಡಿನಲ್ಲಿ ಇಂಗ್ರಾಮ್ ಎಂಬ ವೈದ್ಯರು ಒಂದು ವರ್ಷದ ಮಕ್ಕಳಿಗೆ ಕನ್ನಡಕ ಹಾಕಿ ನೋಡಿ, 1985ರಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ ಅಂತ ಬರೆದಿದ್ದರು. ಅಂದ್ರೆ ಯಾವ ಮಗುವಿಗೆ, ಯಾವಾಗ, ಎಷ್ಟು ಅನ್ನೋದು ವೈದ್ಯರು ನಿಧಾನವಾಗಿ ತೂಗಬೇಕಾದ ವಿಷಯ. ಎಲ್ಲ ಶಿಶುವಿಗೂ ಕನ್ನಡಕ ಅಂತ ಯಾರೂ ಹೇಳ್ತಿಲ್ಲ, ನಾನೂ ಹೇಳ್ತಿಲ್ಲ. ಆದರೆ ತೂಗಬೇಕಾದರೆ ಮೊದಲು ಅಳೆಯಬೇಕಲ್ಲ?

ಈ ವಿಷಯ ಕಾರ್ಯಕ್ರಮದಲ್ಲಿ ಮಾತಾಡಿದ ದಿನ ಒಬ್ಬ ತಾಯಿ ಫೋನ್ ಮಾಡಿದ್ರು. 'ಸಾರ್, ನನ್ನ ಮಗನಿಗೆ ಸ್ವಲ್ಪ ಮೆಳ್ಳೆಗಣ್ಣು. ಅದು ಅದೃಷ್ಟ, ಮುಟ್ಟಬೇಡ ಅಂತ ನಮ್ಮತ್ತೆ ಹೇಳ್ತಾರೆ. ಏನು ಮಾಡ್ಲಿ?' ಎಷ್ಟು ವರ್ಷ ಮಗನಿಗೆ ಅಂದೆ. ಎರಡೂವರೆ ಅಂದ್ರು. ನಾನು ಹೇಳಿದೆ: 'ಅಮ್ಮಾ, ಅದೃಷ್ಟ ಇರೋದು ಅವನ ವಯಸ್ಸಿನಲ್ಲಿ. ಎರಡೂವರೆಗೇ ನಿಮ್ಮ ಕಣ್ಣಿಗೆ ಬಿತ್ತಲ್ಲ, ಅದು ಅದೃಷ್ಟ. ನಾಳೆ ಬೆಳಿಗ್ಗೆನೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.' ಅತ್ತೆಯರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಯಾರೋ ಹಾಗೆ ಹೇಳಿದ್ದರು. ಆದರೆ ಮೆಳ್ಳೆಗಣ್ಣಿನ ಹಿಂದೆ ಬಹಳ ಸಲ ಅಳೆಯದೇ ಬಿಟ್ಟ ಪ್ಲಸ್ ನಂಬರ್ ಇರುತ್ತೆ. ಓರೆಯಾದ ಕಣ್ಣನ್ನು ಮಿದುಳು ದಿನದಿನಕ್ಕೆ ದೂರ ತಳ್ತಾ ಇರುತ್ತೆ. ಕನ್ನಡಕ, ಒಳ್ಳೆ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಇಷ್ಟರಿಂದಲೇ ಎಷ್ಟೋ ಮಕ್ಕಳು ದಾರಿಗೆ ಬರ್ತಾರೆ. ಏಳೆಂಟು ವರ್ಷ ದಾಟಿದ ಮೇಲೆ ಏನೂ ಆಗಲ್ಲ ಅಂತಲ್ಲ. ಆದರೆ ಬೇಗ ಬಂದಷ್ಟು ಕೆಲಸ ಸುಲಭ.

ನಮ್ಮಲ್ಲಿ ಆಗಲ್ಲ, ಇದೆಲ್ಲ ಅಮೆರಿಕ ಇಂಗ್ಲೆಂಡಿಗೆ ಸರಿ ಅನ್ನೋರಿಗೆ ಒಂದು ಉತ್ತರ ಕರ್ನಾಟಕದಲ್ಲೇ ಇದೆ. ದಿನ ತುಂಬದೆ ಹುಟ್ಟಿದ ಶಿಶುಗಳ ರೆಟಿನಾ ಹಾಳಾಗಿ ಕುರುಡಾಗೋ ಕಾಯಿಲೆ ಒಂದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಎಂಬ ಯೋಜನೆ ಶುರು ಮಾಡಿತು. ತರಬೇತಿ ಪಡೆದ ಟೆಕ್ನೀಷಿಯನ್‌ಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗ್ತಾರೆ, ಕಣ್ಣಿನ ಚಿತ್ರ ಇಂಟರ್ನೆಟ್ಟಿನಲ್ಲಿ ತಜ್ಞರಿಗೆ ಕಳಿಸ್ತಾರೆ. ಡಾಕ್ಟರ್ ಇಲ್ಲದ ಕಡೆಗೂ ಡಾಕ್ಟರ ಕಣ್ಣು ಹೋಗುತ್ತೆ. ಆ ಶಿಶುಗಳೇ ಮುಂದೆ ದೊಡ್ಡ ಮೈನಸ್ ನಂಬರಿನ ಅಪಾಯದಲ್ಲೂ ಇರೋರು, ಅವರ ನಂಬರನ್ನೂ ಹಿಂಬಾಲಿಸಲೇಬೇಕು. 2013ರಿಂದ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ತಂಡಗಳು ಅಂಗನವಾಡಿಗೂ ಹೋಗಬೇಕು, ಶಾಲೆಗೂ ಹೋಗಬೇಕು. ದೃಷ್ಟಿದೋಷ ಅದರ ಪಟ್ಟಿಯಲ್ಲೇ ಇದೆ. ಒಂದು ಮೀಟರ್ ದೂರದಿಂದ ಕೆಲವೇ ಸೆಕೆಂಡಿನಲ್ಲಿ ಎರಡೂ ಕಣ್ಣಿನ ನಂಬರ್ ಅಂದಾಜು ಹೇಳೋ, ಕೈಯಲ್ಲಿ ಹಿಡಿಯೋ ಕ್ಯಾಮೆರಾಗಳೂ ಇವತ್ತು ಇವೆ. ಹೌಲ್ಯಾಂಡರ ಫ್ಲ್ಯಾಶಿನ ಮೊಮ್ಮಕ್ಕಳು ಅವು.

ನಿಮ್ಮ ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಮಗುವಿನ ತೂಕಕ್ಕೆ ಗ್ರಾಫ್ ಇದೆ. ತಿಂಗಳು ತಿಂಗಳು ಚುಕ್ಕೆ ಇಟ್ಟು ಗೆರೆ ಎಳೀತಾರೆ. ಗೆರೆ ಬಾಗಿದರೆ ಅಂಗನವಾಡಿ ಕಾರ್ಯಕರ್ತೆ ಬಾಗಿಲು ತಟ್ಟುತ್ತಾಳೆ. ಒಂದು ಸಲದ ತೂಕ ಸಾಲದು, ಗೆರೆ ಬೇಕು ಅಂತ ನಾವು ಯಾವತ್ತೋ ಒಪ್ಪಿಕೊಂಡಿದ್ದೀವಿ. ಕಣ್ಣಿಗೂ ಅದೇ ಗೆರೆ ಕೇಳ್ತಿದ್ದೀನಿ. ಒಂಬತ್ತನೇ ತಿಂಗಳಿಗೆ ಒಂದು ಚುಕ್ಕೆ, ಎರಡನೇ ವರ್ಷಕ್ಕೆ ಒಂದು, ಶಾಲೆಗೆ ಮುಂಚೆ ಒಂದು. ಇದೇನು ಚಂದ್ರಯಾನನಾ? ದುಡ್ಡಿನ ಮಾತು ಬಂದರೆ, ಅಳೆಯೋಕೆ ಆಗೋ ಖರ್ಚು ಒಂದು ಸಲದ್ದು. ಒಂದು ಕಣ್ಣು ಕಳೆದುಕೊಂಡ ಮಗು ಅದರ ಬೆಲೆ ಜೀವನ ಪೂರ್ತಿ ಕೊಡುತ್ತೆ.

ಸರ್ಕಾರ ಮಾಡುವಾಗ ಮಾಡಲಿ, ಅಲ್ಲಿವರೆಗೆ ನೀವು ಕೈಕಟ್ಟಿ ಕೂರಬೇಡಿ. ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆದರೆ ಆವತ್ತೇ ಡಾಕ್ಟರಿಗೆ ತೋರಿಸಿ. ಅದು ಪೊರೆ ಇರಬಹುದು, ಅದಕ್ಕಿಂತ ದೊಡ್ಡ ಕಾಯಿಲೆಯೂ ಇರಬಹುದು. ಆರು ತಿಂಗಳ ಮೇಲೂ ಕಣ್ಣು ಓರೆಯಾಗ್ತಿದ್ದರೆ ತೋರಿಸಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದು ಮುಚ್ಚಿದಾಗ ಮಗು ಕೈ ತಳ್ಳಿ ಅತ್ತರೆ ತೋರಿಸಿ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲೇ ದಪ್ಪ ಕನ್ನಡಕ ಬಂದಿದ್ದರೆ, ಮಗು ದಿನ ತುಂಬದೆ ಹುಟ್ಟಿದ್ದರೆ, ಏನೂ ಕಾಣದಿದ್ದರೂ ತೋರಿಸಿ. ಮಗು ಚಿಕ್ಕದು ಅಳೆಯೋಕಾಗಲ್ಲ ಅಂತ ಯಾರಾದರೂ ಹೇಳಿದರೆ, 1873ರಿಂದ ಅಳೀತಾ ಇದ್ದಾರೆ ಅಂತ ನೀವೇ ಹೇಳಿ.